ಹನ್ನೆರಡನೇ ಹಾಳೆ

ಪ್ರೀತಿಯ ದೋಸ್ತ,

ಹಾವೇರಿ ಕಡೆ ಮಳೆ ಹೇಗಿದೆ? ಇಲ್ಲಿ ಗದಗಿನಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಹಿಡಿದಿದೆ. ನಿನ್ನ ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ, ಕೊಡುವುದಿಲ್ಲ. ಮಕ್ಕಳ ಬರಹ ತಿದ್ದುವ ಬಗ್ಗೆ ಒಂದು ಮಾತು ಹೇಳಬೇಕಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕನ್ನಡ ಕಲಿಸುವ ಇನ್ನೂ ನಾಲ್ಕು ಮಂದಿ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಮಕ್ಕಳನ್ನು ವೀರನಾರಾಯಣ ಗುಡಿಗೆ ಕರೆದುಕೊಂಡು ಹೋಗುತ್ತೇನಲ್ಲ, ಕುಮಾರವ್ಯಾಸ ಒರಗಿ ಕೂತು ಬರೆದ ಅಂತ ಹೇಳುವ ಕಂಬ ತೋರಿಸುತ್ತೇನೆ. ಹಲಗೆ ಬಳಪ ಹಿಡಿಯದೆ, ಇಟ್ಟ ಪದ ಅಳಿಸದೆ ಬರೆದೆ ಅಂತ ಕವಿ ತಾನೇ ಹೇಳಿಕೊಂಡದ್ದನ್ನೂ ಹೇಳುತ್ತೇನೆ. ಈ ಸಲ ಒಬ್ಬ ಹುಡುಗ ಕಂಬ ಮುಟ್ಟಿ ಕೇಳಿದ: ‘ಹಂಗಾರ ಅಳಿಸಿ ಬರಿಯೋರು ದಡ್ಡರೇನ್ರಿ ಸರ್?’

ಏನೋ ಹೇಳಿ ಮುಂದೆ ಹೋದೆ. ಆ ಮಾತು ಮಾತ್ರ ಬೆನ್ನು ಬಿಡಲಿಲ್ಲ.

ಅಪ್ಪ ತೀರಿ ಮೊನ್ನೆಗೆ ವರ್ಷವಾಯಿತು. ಕಾರ್ಡಿಗೆ ನಾಲ್ಕು ಸಾಲು ಬರೆಯಲು ಕೂತೆ. ಹನ್ನೊಂದು ಹಾಳೆ ಹರಿದು ಹಾಕಿದೆ. ಹನ್ನೆರಡನೆಯದರಲ್ಲಿ ಅಪ್ಪ ಸಿಕ್ಕರು. ನಾಲ್ಕು ಸಾಲಿಗೆ ನನಗೆ ಅಷ್ಟು ಹಾಳೆ ಬೇಕಾದವು. ಮಕ್ಕಳಿಗೆ ನಾನು ಕೊಡುತ್ತಿದ್ದದ್ದು ಒಂದು ಪೀರಿಯಡ್, ಒಂದೇ ಹಾಳೆ. ಬರೆದು ಮುಗಿಸುವಷ್ಟರಲ್ಲಿ ಕೆಂಪು ಪೆನ್ನು.

ಅವತ್ತು ರಾತ್ರಿ ಹೋದ ವರ್ಷದ ಪ್ರಬಂಧದ ಹಾಳೆಗಳನ್ನು ತೆಗೆದು ನೋಡಿದೆ. ಮಳೆಗಾಲದ ಬಗ್ಗೆ ಒಬ್ಬಳು ಹುಡುಗಿ ಬರೆದಿದ್ದಳು: ‘ಮಳಿ ಹತ್ತಿದ್ರ ಹೆಸರು ಹೊಲದಾಗ ಮೊಳಕಿ ಒಡಿತೈತಿ. ಆವಾಗ ಅಪ್ಪ ಯಾರ ಕೂಡಾನೂ ಮಾತಾಡಂಗಿಲ್ಲ.’ ಮಳಿ, ಹೊಲದಾಗ, ಒಡಿತೈತಿ, ಮಾತಾಡಂಗಿಲ್ಲ, ಎಲ್ಲಕ್ಕೂ ಸುತ್ತು ಹಾಕಿದ್ದೇನೆ. ಕೆಳಗೆ ‘ಭಾಷೆ ಸರಿಪಡಿಸು’ ಅಂತ ನನ್ನದೇ ಅಕ್ಷರ. ಮುಂದಿನ ತಿಂಗಳು ಅವಳು ಬರೆದದ್ದು ‘ಗಿಡಮರಗಳು ಪ್ರಕೃತಿಯ ವರದಾನವಾಗಿವೆ’. ಗೈಡಿನ ಸಾಲು, ಒಂದೂ ತಪ್ಪಿಲ್ಲ. ಅದಕ್ಕೆ ಜಾಸ್ತಿ ಅಂಕ ಕೊಟ್ಟಿದ್ದೇನೆ.

ಬಲಿತ ಹೆಸರುಕಾಳು ಮಳೆಗೆ ಹೊಲದಲ್ಲೇ ಮೊಳಕೆ ಒಡೆದರೆ ಬೆಳೆ ಹೋದಂತೆ. ಆ ಮನೆಯ ಮೌನವನ್ನು ಒಂದು ಮಗು ನನ್ನ ಕೈಗೆ ಕೊಟ್ಟಿತ್ತು. ನಾನು ಕಾಗುಣಿತ ನೋಡಿದೆ. ನನ್ನ ಅಪ್ಪನೂ ಹಾಗೇ ಸುಮ್ಮನಾಗುತ್ತಿದ್ದವರು, ಗೊತ್ತಾ? ಮಳೆ ಹಿಡಿದ ದಿನ ಕಟ್ಟೆಯ ಮೇಲೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಹನ್ನೆರಡನೇ ಹಾಳೆಯಲ್ಲಿ ನಾನು ಬರೆದದ್ದೂ ಅದನ್ನೇ. ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ, ಇರಲಿ.

ಈಗ ಏನು ಮಾಡುತ್ತಿದ್ದೇನೆ ಹೇಳುತ್ತೇನೆ, ನೀನೂ ಮಾಡಿ ನೋಡು. ಮೊದಲ ಬರಹ ಪೆನ್ಸಿಲ್‌ನಲ್ಲಿ, ರಫ್ ಹಾಳೆಯ ಮೇಲೆ. ಅದಕ್ಕೆ ಅಂಕ ಇಲ್ಲ. ಪಕ್ಕದವರಿಗೆ ಜೋರಾಗಿ ಓದಿ ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಉದ್ದವಾಗಿದೆ ಅಂತ ಅವರಿಗೇ ತಿಳಿಯುತ್ತದೆ. ನಾನು ತಿದ್ದುವುದಿಲ್ಲ, ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ‘ಅಜ್ಜಿ ತುಂಬಾ ಒಳ್ಳೆಯವಳು’ ಅಂತ ಬರೆದವನಿಗೆ ‘ನಿನ್ನೆ ಅಜ್ಜಿ ಏನು ಮಾಡಿದಳು?’ ಅಂತ ಕೇಳಿದೆ. ತನ್ನ ತಾಟಿನ ರೊಟ್ಟಿ ಮುರಿದು ನಾಯಿಗೆ ಹಾಕಿ, ತಾನು ನೀರು ಕುಡಿದು ಮಲಗಿದಳು ಅಂತ ಬರೆದ. ಎರಡು ದಿನ ಬಿಟ್ಟು ಎರಡನೇ ಬರಹ. ಆಗ ತಿದ್ದುತ್ತೇನೆ, ಒಂದು ಸಲಕ್ಕೆ ಒಂದೇ ವಿಷಯ. ಈ ವಾರ ಬರೀ ಪೂರ್ಣವಿರಾಮ.

ಪುಸ್ತಕದ ಕನ್ನಡ ಬೇಡ ಅಂತಲ್ಲ. ಹತ್ತನೆಯಲ್ಲಿ ಪ್ರಥಮ ಭಾಷೆಯ ಹೆಚ್ಚಿನ ಅಂಕ ಲಿಖಿತ ಪರೀಕ್ಷೆಗೇ ಇದೆ, ಅಲ್ಲಿ ಅದು ಬೇಕೇ ಬೇಕು. ಬೋರ್ಡಿನ ಮೇಲೆ ಎರಡು ಸಾಲು ಮಾಡುತ್ತೇವೆ. ಈ ಕಡೆ ಹೊಲದಾಗ, ಆ ಕಡೆ ಹೊಲದಲ್ಲಿ. ಯಾವುದು ಎಲ್ಲಿ ಅಂತ ಮಕ್ಕಳೇ ಜಗಳಾಡಿ ತೀರ್ಮಾನಿಸುತ್ತಾರೆ.

ಆ ಹುಡುಗಿಯನ್ನು ಕರೆದು ಹಳೆಯ ಹಾಳೆ ಕೊಟ್ಟೆ. ತಪ್ಪು ನನ್ನದು, ಮತ್ತೆ ಬರಿ ಅಂದೆ. ಹೊಲದಲ್ಲಿ, ಒಡೆಯುತ್ತದೆ ಅಂತ ತಾನೇ ಬದಲಿಸಿದಳು. ಕೊನೆಯ ಸಾಲಿಗೆ ಬಂದು ಪೆನ್ಸಿಲ್ ನಿಲ್ಲಿಸಿದಳು. ‘ಮಾತಾಡಂಗಿಲ್ಲ ಅಂತನ ಬಿಡ್ಲೇನ್ರಿ ಸರ್? ಮಾತನಾಡುವುದಿಲ್ಲ ಅಂದ್ರ ಅಪ್ಪ ಅನಸವಲ್ರು.’

ಬಿಡು ಅಂದೆ.

ಭಾನುವಾರ ಬಂದುಬಿಡು. ಗಿರ್ಮಿಟ್ ನನ್ನ ಲೆಕ್ಕ, ಮಿರ್ಚಿ ನಿನ್ನದು. ಬರುವಾಗ ನಿನ್ನ ಮಕ್ಕಳ ರಫ್ ಹಾಳೆಗಳನ್ನೂ ತಾ.

ನಿನ್ನ,
ಮೂರನೇ ಬೆಂಚು