ಗ್ರಹಣದ ಲೆಕ್ಕ ಬಿಡು, ಮಗಳೇ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮಗಳು ಪುಟ್ಟಿಗೆ ಮೆಕ್ಯೂನ್-ಆಲ್‌ಬ್ರೈಟ್ ಸಿಂಡ್ರೋಮ್ ಎಂಬ ಕಾಯಿಲೆ ಇದೆಯೆಂದು ತಿಳಿಸಿದ ಪತ್ರದ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. “2019ರ ಡಿಸೆಂಬರಿನ ಗ್ರಹಣದ ದಿನ ತರಕಾರಿ ಹೆಚ್ಚಿದ್ದೆ, ಅದಕ್ಕೇ ಹೀಗಾಯಿತೇ?” ಇಲ್ಲ ಮಗಳೇ. ಗ್ರಹಣದಿಂದಲೂ ಅಲ್ಲ, ನಿನ್ನಿಂದಲೂ ಅಲ್ಲ.

ಅವಳ ಪರೀಕ್ಷೆಯ ವರದಿಯಲ್ಲಿರುವ ಜಿಎನ್‌ಎಎಸ್ ನಮ್ಮೆಲ್ಲರ 20ನೆಯ ವರ್ಣತಂತುವಿನಲ್ಲಿರುವ ಜೀನ್. ಕೋಶದೊಳಗೆ ಸುದ್ದಿ ಒಯ್ಯುವ ಜಿ ಪ್ರೋಟೀನಿನ ಆಲ್ಫಾ ಎಂಬ ಭಾಗ ಅದರಿಂದ ತಯಾರಾಗುತ್ತದೆ. ಹಾರ್ಮೋನು ಕೋಶದ ಬಾಗಿಲು ತಟ್ಟಿದಾಗ ಒಳಗೆ ಸುದ್ದಿ ಮುಟ್ಟಿಸಿ, ಆಮೇಲೆ ತಾನಾಗಿ ಸುಮ್ಮನಾಗುವುದು ಅದರ ಕೆಲಸ. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ; ಹಾಗೆ ಸುಮ್ಮನಾಗಲು ಆ ಸರದ 201ನೆಯ ಸ್ಥಾನದಲ್ಲಿ ಅರ್ಜಿನೈನ್ ಎಂಬ ಮಣಿ ಇರಬೇಕು. ಪುಟ್ಟಿಗೆ ಅಲ್ಲಿ ಹಿಸ್ಟಿಡಿನ್ ಎಂಬ ಬೇರೆ ಮಣಿ ಬಂದಿದೆ. ಯಾರೂ ತಟ್ಟದಿದ್ದರೂ ಒಳಗೆ ಸುದ್ದಿ ಹೋಗುತ್ತಲೇ ಇದೆ. ಆ ಕಂದು ಮಚ್ಚೆ, ಐದನೆಯ ವರ್ಷಕ್ಕೇ ಮುಟ್ಟು, ತೊಡೆಮೂಳೆಯ ನೋವು ಎಲ್ಲವೂ ಇದರಿಂದಲೇ.

ಈ ಬದಲಾವಣೆ ಆದದ್ದು ಗರ್ಭ ಕಟ್ಟಿದ ಮೇಲೆ, ಭ್ರೂಣದ ಒಂದೇ ಒಂದು ಕೋಶದಲ್ಲಿ. ಆ ಕೋಶದ ಸಂತಾನ ಹರಡಿದ ಕಡೆ ಮಾತ್ರ ತೊಂದರೆ. ನಿನ್ನ ಅಂಡಾಣುವಿನಲ್ಲೇ ಇದ್ದಿದ್ದರೆ ಮೈಯ ಪ್ರತಿ ಕೋಶಕ್ಕೂ ಹೋಗುತ್ತಿತ್ತು. ಅಂಥ ಭ್ರೂಣ ಬದುಕುವುದಿಲ್ಲ ಎಂದು ತಜ್ಞರು ತಿಳಿದಿದ್ದಾರೆ. ನಿನ್ನಿಂದ ಬಂದಿದ್ದರೆ ಅವಳು ನಿನ್ನ ಮಡಿಲಲ್ಲಿ ಇರುತ್ತಲೇ ಇರಲಿಲ್ಲ.

ಜಿ ಪ್ರೋಟೀನಿನ ಶೋಧಕ್ಕಾಗಿ 1994ರಲ್ಲಿ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ ನೊಬೆಲ್ ಬಂದಾಗ ಪತ್ರಿಕೆಯ ಆ ತುಣುಕನ್ನು ತರಗತಿಯ ಗೋಡೆಗೆ ಅಂಟಿಸಿದವಳು ನಾನು. ಎರಡು ವರ್ಷಕ್ಕೆ ನನ್ನ ನಾದಿನಿಗೆ ಸೀಳುತುಟಿಯ ಮಗು ಹುಟ್ಟಿತು. ಹಿಂದಿನ ಅಕ್ಟೋಬರಿನ ಸೂರ್ಯಗ್ರಹಣದಲ್ಲಿ ಅವಳು ಕತ್ತರಿ ಹಿಡಿದಿದ್ದಳೆಂದು ನಡುಮನೆಯಲ್ಲಿ ಮಾತಾಯಿತು. ಅವಳು ನನ್ನ ಮುಖ ನೋಡಿದಳು. ಜೀವಶಾಸ್ತ್ರದ ಮೇಷ್ಟರಮ್ಮ ನಾನು, ಸಾರಿಗೆ ಒಗ್ಗರಣೆ ಹಾಕುತ್ತ ಸುಮ್ಮನಿದ್ದೆ. ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಆ ಮೇಲೆ ಇನ್ನೊಂದು ಮಗು ಬೇಡವೆಂದೇ ಉಳಿದಳು.

ನಿನಗೆ ಹಾಗಾಗಬಾರದು. ಇದು ಒಡಹುಟ್ಟಿದವರಿಗೆ ಬರುವಂಥದ್ದಲ್ಲ. ನಾಳೆ ಪುಟ್ಟಿಯ ಮಕ್ಕಳಿಗೂ ದಾಟುವುದಿಲ್ಲ.

ವೈದ್ಯರು ಹೇಳಿಯೇ ಇರುತ್ತಾರೆ, ಆದರೂ ಬರೆಯುತ್ತೇನೆ: ಅವಳ ಎತ್ತರವನ್ನು ಆಗಾಗ ಬರೆದಿಡು. ರಕ್ತದ ಫಾಸ್ಫೇಟ್ ನೋಡಿದ್ದಾರೆಯೇ ಎಂದು ಕೇಳು. ತಲೆಬುರುಡೆಯ ಮೂಳೆಗೂ ತಾಗಿದ್ದರೆ ಕಣ್ಣಿನ ತಪಾಸಣೆ ತಪ್ಪಿಸಬೇಡ. ಹೆಚ್ಚು ಹೇಳಿದೆನೇನೋ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿನ್ನ ಅತ್ತೆಯವರು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ. ಗ್ರಹಣದ ಮಾತು ಬಂದರೆ ನೀನು ಉತ್ತರ ಕೊಡಬೇಡ, ನಾನು ಕೊಡುತ್ತೇನೆ.

ನಿನ್ನ ದೊಡ್ಡಮ್ಮ