ಸದಸ್ಯರ ಗಮನಕ್ಕೆ: ಈ ಭಾನುವಾರದ ಚರ್ಚೆ, ಮೆದುಳಿನ ರಕ್ತನಾಳಗಳು ಮತ್ತು ಮುಪ್ಪು

ಆತ್ಮೀಯ ಸದಸ್ಯರೇ,

ಈ ಬಾರಿಯ ಚರ್ಚೆಗೆ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಔಷಧಶಾಸ್ತ್ರ ಪ್ರಾಧ್ಯಾಪಕ ಮಾರ್ಕ್ ನೆಲ್ಸನ್ ಅವರ ಸಂಶೋಧನೆಯನ್ನು ಆರಿಸಿಕೊಂಡಿದ್ದೇವೆ. ದೇಹತೂಕದ ಸುಮಾರು ಶೇ. 2ರಷ್ಟಿರುವ ಮೆದುಳು ಶೇ. 20ರಷ್ಟು ಶಕ್ತಿಯನ್ನು ಬಳಸುತ್ತದೆ. ಅದರಲ್ಲಿ ಇಂಧನದ ದಾಸ್ತಾನು ಅತ್ಯಲ್ಪವಾದ್ದರಿಂದ, ದುಡಿಯುತ್ತಿರುವ ಭಾಗಕ್ಕೆ ಆ ಕ್ಷಣವೇ ರಕ್ತ ತಲುಪಬೇಕು.

ಸ್ನಾಯುವನ್ನು ಬಿಗಿಗೊಳಿಸುವ ಕ್ಯಾಲ್ಸಿಯಂ, ಜೀವಕೋಶದೊಳಗೆ ಕಿಡಿಯಂತೆ ಚಿಮ್ಮಿದಾಗ ಅಪಧಮನಿಯನ್ನು ಸಡಿಲಗೊಳಿಸುತ್ತದೆ ಎಂಬುದನ್ನು ಅವರ ತಂಡ 1995ರಲ್ಲಿ ತೋರಿಸಿತು. ನನಗೆ ಅದಕ್ಕಿಂತಲೂ ಮಹತ್ವದ್ದೆನಿಸುವುದು 2017ರ ಪ್ರಬಂಧ. ನರಕೋಶಗಳು ಚುರುಕಾದಾಗ ಹೊರಬೀಳುವ ಪೊಟ್ಯಾಸಿಯಂ ಅನ್ನು ಲೋಮನಾಳದ (ಅತಿ ಸಣ್ಣ ರಕ್ತನಾಳದ) ಗೋಡೆಯ ಜೀವಕೋಶಗಳೇ ಗ್ರಹಿಸಿ, ರಕ್ತದ ಹರಿವಿಗೆ ಎದುರಾಗಿ ವಿದ್ಯುತ್ ಸಂಕೇತವನ್ನು ಕಳುಹಿಸಿ, ಮೇಲಿನ ಕಿರು ಅಪಧಮನಿಯನ್ನು ಹಿಗ್ಗಿಸುತ್ತವೆ ಎಂದು ಅದು ವಿವರಿಸುತ್ತದೆ.

ವಯಸ್ಸಾದಂತೆ ಹೆಚ್ಚುವ ಸೂಕ್ಷ್ಮನಾಳಗಳ ಕಾಯಿಲೆಯು ಪಾರ್ಶ್ವವಾಯುವಿಗೂ ಮರೆಗುಳಿತನಕ್ಕೂ ಕಾರಣವಾಗುತ್ತದೆ. ಅದರ ಆನುವಂಶಿಕ ರೂಪವಿರುವ ಇಲಿಗಳಲ್ಲಿ ಈ ಸಂಕೇತವೇ ಕುಂದಿರುತ್ತದೆ. ಕೋಶಪೊರೆಯ ಒಂದು ಕೊಬ್ಬಿನಂಶವನ್ನು ಪೂರೈಸಿದಾಗ ಆ ಸಂಕೇತ ಮರಳಿತೆಂದು 2021ರಲ್ಲಿ ವರದಿಯಾಯಿತು. ಇದು ಮನುಷ್ಯರಿಗೆ ಸಿದ್ಧವಾದ ಚಿಕಿತ್ಸೆಯಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಮನೆಯಲ್ಲಿ ಹಿರಿಯರ ಆರೈಕೆ ಮಾಡುತ್ತಿರುವವರು ತಮ್ಮ ಪ್ರಶ್ನೆಗಳನ್ನು ಶನಿವಾರದೊಳಗೆ ಇಲ್ಲಿಯೇ ಬರೆದು ಕಳುಹಿಸಬೇಕಾಗಿ ಕೋರುತ್ತೇನೆ.