ಕೊಂಡವರ ಕೈಯಲ್ಲಿ ಉಳಿದ ಚೀನಾದ ಕಲೆ

ಪ್ರೀತಿಯ ಮಂಜು,

ದುಡ್ಡಿದ್ದವರು ಚಿತ್ರ ಕೊಂಡು ಗೋಡೆಗೆ ಹಾಕಿಕೊಂಡರೆ ಕಲೆಯ ಇತಿಹಾಸಕ್ಕೇನಾಗುತ್ತದೆ ಅಂತ ಕೇಳಿದ್ದೆ. ಇವತ್ತಿನ ಚೀನಾದ ಕಲೆಯ ಮಟ್ಟಿಗೆ ಹೇಳುವುದಾದರೆ, ಆ ಇತಿಹಾಸದ ಎಷ್ಟೋ ಭಾಗ ಉಳಿದದ್ದೇ ಅಂಥವರಿಂದ. ನನಗೆ ಅದರಲ್ಲಿ ಖುಷಿಯೂ ಇದೆ, ಕಳವಳವೂ ಇದೆ.

ಊಲಿ ಸಿಗ್ ಅಂತ ಒಬ್ಬರು ಸ್ವಿಸ್ ಉದ್ಯಮಿ. 1979ರಲ್ಲಿ ಶಿಂಡ್ಲರ್ ಲಿಫ್ಟ್ ಕಂಪನಿಯ ಪರವಾಗಿ ಚೀನಾಕ್ಕೆ ಹೋದವರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 'ಸ್ಟಾರ್ಸ್' ಅನ್ನುವ, ಸರ್ಕಾರದ ಮನ್ನಣೆ ಇಲ್ಲದ ಗುಂಪಿನ ಕಲಾವಿದರು ಬೀಜಿಂಗ್‌ನ ರಾಷ್ಟ್ರೀಯ ಕಲಾ ಮ್ಯೂಸಿಯಂ ಹೊರಗಿನ ಬೇಲಿಗೆ ತಮ್ಮ ಚಿತ್ರಗಳನ್ನು ತೂಗುಹಾಕಿದ್ದರು. ಒಳಗೆ ಅವರಿಗೆ ಜಾಗವಿರಲಿಲ್ಲ. ಹೊರಗೂ ಬಹಳ ದಿನ ಇರಲು ಪೊಲೀಸರು ಬಿಡಲಿಲ್ಲ.

ಸಿಗ್ ಆಗ ಕೊಳ್ಳಲು ಶುರು ಮಾಡಲಿಲ್ಲ. 1995ರಿಂದ 1998ರವರೆಗೆ ಅಲ್ಲಿ ಸ್ವಿಸ್ ರಾಯಭಾರಿಯಾಗಿದ್ದರು. ಹೊಸ ಕಲೆಯನ್ನು ಯಾರೂ ಕ್ರಮವಾಗಿ ಕೂಡಿಡುತ್ತಿಲ್ಲ, ಸರ್ಕಾರವೂ ಇಲ್ಲ, ಮ್ಯೂಸಿಯಂಗಳೂ ಇಲ್ಲ ಅನ್ನುವುದು ಅವರ ಗಮನಕ್ಕೆ ಬಂದಿತ್ತು. ಆಮೇಲೆ ಅವರು ತಮ್ಮ ಇಷ್ಟವನ್ನು ಪಕ್ಕಕ್ಕಿಟ್ಟು, ಒಂದು ದೇಶದ ಮ್ಯೂಸಿಯಂ ಹೇಗೆ ಕೂಡಿಡಬೇಕೋ ಹಾಗೆ ಕೂಡಿಟ್ಟರು. 70ರ ದಶಕದ ಕೃತಿಗಳನ್ನೂ ಹಿಂದಕ್ಕೆ ಹೋಗಿ ಹುಡುಕಿದರು.

ಅವರ ಸಂಗ್ರಹದಲ್ಲಿ ಜಾಂಗ್ ಪೇಲಿ ಅನ್ನುವ ಚೀನೀ ಕಲಾವಿದ 1988ರಲ್ಲಿ ಮಾಡಿದ ಒಂದು ವಿಡಿಯೋ ಇದೆ. ಕೈಗವಸು ಹಾಕಿದ ಕೈಗಳು ಒಂದು ಕನ್ನಡಿಯನ್ನು ನೆಲಕ್ಕೆ ಬೀಳಿಸುತ್ತವೆ. ಚೂರುಗಳನ್ನು ಒಂದೊಂದಾಗಿ ಹೊಂದಿಸಿ ಅಂಟಿಸುತ್ತವೆ. ಮತ್ತೆ ಬೀಳಿಸುತ್ತವೆ. ಅರ್ಧ ಗಂಟೆಗೂ ಜಾಸ್ತಿ ಇಷ್ಟೇ. ಚೀನಾದ ಮೊದಲ ವಿಡಿಯೋ ಕಲಾಕೃತಿ ಅಂತ ಇದನ್ನೇ ಹೇಳುತ್ತಾರೆ. ಮನೆಯ ಹಾಲ್‌ನ ಅಂದಕ್ಕೆ ಯಾರೂ ಇಂಥದ್ದನ್ನು ಕೊಳ್ಳುವುದಿಲ್ಲ, ಅಲ್ವಾ?

2012ರಲ್ಲಿ ಸಿಗ್ 1,463 ಕೃತಿಗಳನ್ನು ಹಾಂಗ್‌ಕಾಂಗ್‌ನ ಎಂ ಪ್ಲಸ್ ಮ್ಯೂಸಿಯಂಗೆ ದಾನ ಕೊಟ್ಟರು. ಇನ್ನೂ 47 ಕೃತಿಗಳನ್ನು 17.7 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಿದರು. ಮರುವರ್ಷ ಚೀನೀ ಕಲಾವಿದ ಜೆಂಗ್ ಫಾನ್‌ಜಿ ಬರೆದ ಒಂದೇ ಒಂದು ಚಿತ್ರ, 'ಕೊನೆಯ ಭೋಜನ', ಹರಾಜಿನಲ್ಲಿ 18 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಅದನ್ನು ಮಾರಿದವರು ಬೆಲ್ಜಿಯಂನ ಸಂಗ್ರಾಹಕ ಗೀ ಉಲೆನ್ಸ್. ಅವರೂ ಸಣ್ಣವರಲ್ಲ. 2007ರಲ್ಲಿ ಬೀಜಿಂಗ್‌ನಲ್ಲಿ ದೊಡ್ಡ ಕಲಾಕೇಂದ್ರವನ್ನೇ ತೆರೆದವರು. ಆದರೆ 2011ರಿಂದ ಅವರ ಸಂಗ್ರಹ ಹರಾಜಿನಲ್ಲಿ ಚದುರತೊಡಗಿತು. ಒಟ್ಟಿಗಿದ್ದಾಗ ಆ ಚಿತ್ರಗಳು ಒಂದು ಕಾಲದ ಕಥೆ ಹೇಳುತ್ತಿದ್ದವು. ಒಂದೊಂದು ಒಂದೊಂದು ಮನೆ ಸೇರಿದ ಮೇಲೆ ಜನರ ಬಾಯಲ್ಲಿ ಬೆಲೆಯಷ್ಟೇ ಉಳಿಯಿತು. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲೇ.

ಕೊಂಡವರೆಲ್ಲ ವಿದೇಶಿಯರೇ ಅಂದುಕೊಳ್ಳಬೇಡ. ಬೀಜಿಂಗ್‌ನ ಸಂಗ್ರಾಹಕ ಗುವಾನ್ ಯಿ, ಯಾರೂ ಮುಟ್ಟಲು ಹೆದರುವಂಥ ಭಾರೀ ಇನ್‌ಸ್ಟಲೇಷನ್‌ಗಳನ್ನು, ಅಂದರೆ ಇಡೀ ಕೋಣೆಯನ್ನೇ ತುಂಬುವಂಥ ಕಲಾಕೃತಿಗಳನ್ನು, ಕೊಂಡು ಗೋದಾಮಿನಲ್ಲಿ ಕಾಪಾಡಿದರು. ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನ ವೆನಿಸ್ ಬಿಯೆನಾಲೆ. 2003ರಲ್ಲಿ ಅಲ್ಲಿದ್ದ ಚೀನೀ ಕಲಾವಿದರ 'ಕ್ಯಾಂಟನ್ ಎಕ್ಸ್‌ಪ್ರೆಸ್' ಪ್ರದರ್ಶನದ ಕೃತಿಗಳು ಉಳಿದದ್ದು ಅವರಿಂದ. ಅವೂ ಈಗ ಎಂ ಪ್ಲಸ್‌ನಲ್ಲಿವೆ.

ಇನ್ನು ಕಳವಳದ ಮಾತು. ಸಿಗ್ ಬರೀ ಕೊಳ್ಳಲಿಲ್ಲ. ಚೀನೀ ಕಲಾವಿದರಿಗೆ ಒಂದು ಪ್ರಶಸ್ತಿ ಇಟ್ಟರು. ಹೆಸರಾಂತ ಕ್ಯುರೇಟರ್ (ಕಲಾಪ್ರದರ್ಶನಗಳನ್ನು ರೂಪಿಸುವವರು) ಹರಾಲ್ಡ್ ಸೇಮಾನ್ ಅವರನ್ನು ಅದರ ತೀರ್ಪುಗಾರರಾಗಿ ಕರೆಸಿದರು. 1999ರಲ್ಲಿ ಅದೇ ಸೇಮಾನ್ ನಡೆಸಿದ ವೆನಿಸ್ ಬಿಯೆನಾಲೆಯಲ್ಲಿ ಚೀನೀ ಕಲಾವಿದರ ದಂಡೇ ಇತ್ತು. ಕೊಳ್ಳುವವರು, ಪ್ರಶಸ್ತಿ ಕೊಡುವವರು, ಪರಿಚಯ ಮಾಡಿಸುವವರು ಒಬ್ಬರೇ ಆದಾಗ, ಅವರ ಕಣ್ಣಿಗೆ ಬೀಳದ ಕಲಾವಿದರ ಗತಿಯೇನು? ದೂರದ ಊರಲ್ಲಿ ಸುಮ್ನೆ ಕೆಲಸ ಮಾಡಿಕೊಂಡಿದ್ದವರು, ಮಾರುವಂಥ ವಸ್ತುವನ್ನೇ ಮಾಡದವರು? ಸಿಗ್ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು ಅಂತ ನಾನು ನಂಬುತ್ತೇನೆ. ಆದರೂ ಈ ಪ್ರಶ್ನೆ ಉಳಿಯುತ್ತದೆ.

ದಾನ ಕೊಟ್ಟ ಮೇಲೆ ಕೊಟ್ಟವರ ಕೈಯಲ್ಲೂ ಏನೂ ಇರುವುದಿಲ್ಲ. ಚೀನಾದ ಆಡಳಿತದ ಗುರುತೇ ಆಗಿರುವ ಬೀಜಿಂಗ್‌ನ ತಿಯಾನನ್‌ಮೆನ್ ಕಡೆಗೆ ಚೀನೀ ಕಲಾವಿದ ಆಯ್ ವೇವೇ ಮಧ್ಯದ ಬೆರಳು ತೋರಿಸುವ 1997ರ ಫೋಟೋ ಸಿಗ್ ಸಂಗ್ರಹದ್ದೇ. 2021ರಲ್ಲಿ ಅದರ ಬಗ್ಗೆ ಹಾಂಗ್‌ಕಾಂಗ್‌ನ ರಾಜಕಾರಣಿಗಳು ಗಲಾಟೆ ಎಬ್ಬಿಸಿದರು. ಆ ನವೆಂಬರ್‌ನಲ್ಲಿ ಮ್ಯೂಸಿಯಂ ಬಾಗಿಲು ತೆರೆದಾಗ ಗೋಡೆಯ ಮೇಲೆ ಆ ಫೋಟೋ ಇರಲಿಲ್ಲ.

ಮುಂದೆ ಆ ಕಡೆ ಹೋದರೆ ಎಂ ಪ್ಲಸ್‌ಗೆ ಒಂದು ಪೂರ್ತಿ ದಿನ ಇಟ್ಟುಕೋ. ಕನ್ನಡಿಯ ವಿಡಿಯೋ ಹಾಕಿದ್ದರೆ ಕೊನೆಯವರೆಗೂ ಕೂತು ನೋಡು. ಏನನ್ನಿಸಿತು ಅಂತ ಉದ್ದಕ್ಕೆ ಬರೆ.

ನಿನ್ನ,
ರವಿ